ಗುಂಡನನ್ನು ಹೊತ್ತ ಪ್ರಬಂಧ

ಓದಿದ ಕಾದಂಬರಿಯ ಬಗ್ಗೆ ಶಾಲೆಗೆ ಪ್ರಬಂಧ ಬರೆಯಲು ಕೂತ ಅಕ್ಕನಿಗೆ ಅದರಲ್ಲಿನ ಒಂದು ಮಾತನ್ನು ನಂಬಲಾಗಲಿಲ್ಲ. ಯುದ್ಧಕ್ಕೆ ಹೆದರಿ ಊರು ಬಿಟ್ಟ ಹುಡುಗಿ ತಮ್ಮನನ್ನು ಬೆನ್ನಿಗೆ ಕಟ್ಟಿಕೊಂಡು ಬೆಟ್ಟ ದಾಟುತ್ತಾಳಂತೆ!

"ಬರೀ ಬುರುಡೆ! ನೋಡೇ ಬಿಡೋಣ," ಎಂದು ಅವಳು ತಮ್ಮ ಗುಂಡನನ್ನು ಎಳೆತಂದಳು. ಅವನು ಹೆಸರಿಗೆ ತಕ್ಕ ಗುಂಡ. ಬಟ್ಟೆ ಹೊಲಿಯುತ್ತಿದ್ದ ಅಮ್ಮ ಮಿಷನ್ ನಿಲ್ಲಿಸಿ, ಅವನನ್ನು ಬೆಡ್‌ಶೀಟಿನಲ್ಲಿ ಸುತ್ತಿ ಅಕ್ಕನ ಬೆನ್ನಿಗೆ ಬಿಗಿದಳು. "ಬಿದ್ರೆ ಅಳ್ತಾ ನನ್ನ ಹತ್ರ ಬರಬೇಡಿ!"

ಅಕ್ಕ ಮೆಟ್ಟಿಲು ಹತ್ತತೊಡಗಿದ್ದೇ ತಡ, ಗುಂಡ ಅವಳ ಜಡೆಯನ್ನೇ ಲಗಾಮು ಮಾಡಿಕೊಂಡ. "ಓಡೇ, ಸೈನಿಕರು ಬಂದ್ರು!" ಎಂದು ಕಿರುಚುತ್ತಾ ಅವಳ ತಲೆ ತುಂಬ ತಾನು ತಿನ್ನುತ್ತಿದ್ದ ಬಿಸ್ಕತ್ತಿನ ಪುಡಿ ಉದುರಿಸಿದ. ನಕ್ಕು ನಕ್ಕು ಅಕ್ಕನ ಕಾಲು ಸೋತು, ಎರಡನೇ ಮಹಡಿಯಲ್ಲಿ ಇಬ್ಬರೂ ಮೂಟೆಯ ಹಾಗೆ ದೊಪ್ಪನೆ ಕುಸಿದರು.

"ಇನ್ನೂ ಸ್ವಲ್ಪ ಹೊತ್ಕೊಳೇ!"

"ಬೆನ್ನು ಮುರೀತು ಕಣೋ, ಇಳಿ!"

ಗುಂಡ ಇಳಿದ. "ಪುಸ್ತಕದ ಅಕ್ಕ ಎಲ್ಲಿ ಇಳಿಸಿದ್ಲು?"

ಅಕ್ಕನ ನಗು ಅರ್ಧಕ್ಕೇ ನಿಂತಿತು. ಕೂದಲಲ್ಲಿ ಬಿಸ್ಕತ್ತಿನ ಪುಡಿ ಇದ್ದಂತೆಯೇ ಓಡಿಹೋಗಿ ಬರೆದಳು: "ನಾನು ನನ್ನ ತಮ್ಮನನ್ನು ಎರಡನೇ ಮಹಡಿಯಲ್ಲಿ ಇಳಿಸಿದೆ. ನನಗೆ ಇಳಿಸುವುದಕ್ಕೆ ಜಾಗ ಇತ್ತು."