ಗುನಿಲಾಬಾಯಿಗೆ ಮುಟ್ಟಿದ ಮಾತು

ಪರದೇಶದವರಿಗೆ ನಮ್ಮ ಜನರನ್ನು ಅರ್ಥ ಮಾಡಿಸುವುದು ನನ್ನ ಹೊಟ್ಟೆಪಾಡು. ಕೊಲ್ಹಾಪುರದ ಕಾಲೇಜಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತನಾದ ಮೇಲೆ ಈ ಉದ್ಯೋಗ ಹಿಡಿದೆ. ಸ್ವೀಡನ್ನಿನಿಂದಲೋ ಜರ್ಮನಿಯಿಂದಲೋ ನಮ್ಮೂರಿನ ಫೌಂಡ್ರಿಗಳಿಗೆ ಬರುವ ಎಂಜಿನಿಯರುಗಳನ್ನು ಹೋಟೆಲಿನ ತಣ್ಣಗಿನ ಕೋಣೆಯಲ್ಲಿ ಕೂರಿಸಿಕೊಂಡು ಎರಡು ದಿನ ಪಾಠ ಹೇಳುತ್ತೇನೆ. ಇಲ್ಲಿಯ ಮನುಷ್ಯ ತಲೆ ಅಲ್ಲಾಡಿಸಿದರೆ ಕೇಳಿಸಿಕೊಂಡ ಅಂತ ಅರ್ಥ, ಒಪ್ಪಿಕೊಂಡ ಅಂತಲ್ಲ. 'ನೋಡೋಣ' ಅಂದರೆ ಆಗುವುದಿಲ್ಲ ಅಂತ. 'ಸ್ವಲ್ಪ ತ್ರಾಸ ಅದ' ಅಂದರೆ ಕೆಲಸ ಪೂರ್ತಿ ಕೆಟ್ಟಿದೆ ಅಂತ. ನಾಲ್ಕು ಜನರ ಎದುರಿಗೆ ಯಾರನ್ನೂ ಬೈಯಬೇಡಿ. ಊಟಕ್ಕೆ ಕರೆದರೆ ಒಲ್ಲೆ ಅನ್ನಬೇಡಿ. ಅವರು ನಗುತ್ತಾರೆ, ಬರೆದುಕೊಳ್ಳುತ್ತಾರೆ, ಹೊರಡುವಾಗ ನನ್ನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಮಾತಿನ ಮಲ್ಲನಿಗೆ ಇದಕ್ಕಿಂತ ಸುಖದ ಕೆಲಸ ಇನ್ನೊಂದಿಲ್ಲ.

ಧೋಂಡಿರಾಮ ಖಾಡೆಯ ಬಾಳು ಹಾಳಾದದ್ದು ನನ್ನ ಈ ಪಾಠದಿಂದ. ಯಾರೂ ಕೇಳದಿದ್ದರೂ ಹೇಳುತ್ತಿದ್ದೇನೆ.

ಶಿರೋಲಿಯ ಒಂದು ಫೌಂಡ್ರಿಯಲ್ಲಿ ಲಾರಿ, ಬಸ್ಸುಗಳ ಬ್ರೇಕಿನ ಭಾಗಗಳನ್ನು ಎರಕ ಹೊಯ್ದು ಸ್ವೀಡನ್ನಿಗೆ ಕಳಿಸುತ್ತಿದ್ದರು. ಅಲ್ಲಿಯ ಧಣಿಯನ್ನು ಎಲ್ಲರೂ ಆಬಾ ಅನ್ನುತ್ತಿದ್ದರು. ಧೋಂಡಿರಾಮ ಇಪ್ಪತ್ತೆರಡು ವರ್ಷದಿಂದ ಅಲ್ಲಿ ಕೊನೆಯ ತಪಾಸಣೆಯ ಬೆಂಚಿನಲ್ಲಿದ್ದವನು. ಅವನ ಹತ್ತಿರ ಒಂದು ಚಿಕ್ಕ ಸುತ್ತಿಗೆ. ಪ್ರತಿ ಎರಕವನ್ನೂ ಎರಡು ಸಲ ಬಡಿದು ಕಿವಿಗೊಟ್ಟು ಕೇಳುತ್ತಿದ್ದ. ಒಳಗೆ ಬಿರುಕಿದ್ದರೆ, ಟೊಳ್ಳಿದ್ದರೆ, ಸದ್ದಿನಿಂದಲೇ ಹಿಡಿದು ಕೆಂಪು ಗೀಟು ಹಾಕಿ ಪಕ್ಕಕ್ಕೆ ಸರಿಸುತ್ತಿದ್ದ. ಇಂಗ್ಲಿಷಿನಲ್ಲಿ ಅವನಿಗೆ ಬರುತ್ತಿದ್ದದ್ದು ಗುಡ್, ಓಕೆ, ರಿಜೆಕ್ಟ್, ಅಷ್ಟೇ.

ಸ್ವೀಡನ್ನಿನ ಕಂಪನಿಯ ಪರವಾಗಿ ಮಾಲು ನೋಡಲು ಬರುತ್ತಿದ್ದವಳು ಗುನಿಲ್ಲ. ಐವತ್ತರ ಹೆಂಗಸು, ಎತ್ತರದ ಆಳು. ನಮ್ಮ ಕೆಂಪು ರಸ್ಸಾ ಉಂಡು ಕಣ್ಣಲ್ಲಿ ನೀರು ಸುರಿದರೂ ಬಟ್ಟಲು ಕೆಳಗಿಡದವಳು. ಫೌಂಡ್ರಿಯವರು ಆಕೆಯನ್ನು ಗುನಿಲಾಬಾಯಿ ಮಾಡಿಕೊಂಡಿದ್ದರು. ನನ್ನ ಪಾಠ ಕೇಳಿದ ಮೇಲೆ ಆಕೆಗೆ ಒಂದು ಯೋಚನೆ ಬಂತು. "ಮಿಸ್ಟರ್ ಮಿರಜಕರ, ನಾನೊಬ್ಬಳೇ ಕಲಿತರೆ ಸಾಕಾ? ನನ್ನ ಜೊತೆ ಹೇಗೆ ಮಾತಾಡಬೇಕು ಅಂತ ಅವರಿಗೂ ಹೇಳಿಕೊಡಿ" ಅಂದಳು.

ಕ್ಯಾಂಟೀನಿನಲ್ಲಿ ನಲವತ್ತು ಜನರನ್ನು ಕೂರಿಸಿ ಮರಾಠಿಯಲ್ಲಿ ಹೇಳಿದೆ.

"ಅಕಿಗೆ ಸುತ್ತಿಬಳಸಿ ಮಾತಾಡಿದ್ರ ತಿಳಿಯೂದಿಲ್ಲ. ಇದ್ದದ್ದು ಇದ್ದಂಗ ಹೇಳ್ರಿ. ಅವರ ಕಡೆ ನೇರ ಮಾತಾಡಿದವಗ ಮರ್ಯಾದಿ ಜಾಸ್ತಿ."

"ಹಂಗಾರ ಮಾಸ್ತರ, ಈ ಕ್ಯಾಂಟೀನಿನ ಮಿಸಳದಿಂದ ಶುರು ಮಾಡೋಣೇನ್ರಿ?" ಹಿಂದಿನ ಬೆಂಚಿನವನು ಕೇಳಿದ. ಎಲ್ಲರೂ ಬಿದ್ದುಬಿದ್ದು ನಕ್ಕರು. ನಾನೂ ನಕ್ಕೆ.

ಪಾಠ ಮುಗಿದ ಮೇಲೆ ಧೋಂಡಿರಾಮ ನಳದ ಹತ್ತಿರ ಕೈ ತೊಳೆಯುತ್ತಾ ನನಗಾಗಿ ಕಾದಿದ್ದ.

"ಮಾಸ್ತರ, ನೀವು ಹೇಳಿದ್ದು ಖರೇ ಏನ್ರಿ, ಇಲ್ಲಾ ಬರೇ ಪಾಠದಾಗಿನ ಮಾತೇನ್ರಿ?"

"ಖರೇನಪಾ."

"ನೇರ ಹೇಳಿದ್ರ ನಡೀತದ?"

"ಅಕಿ ಹತ್ರ ನಡೀತದ."

"ಹಂಗಾರ ನಂದೊಂದು ಹೇಳೋದದ. ನನಗ ಅಕಿ ಭಾಷಾ ಬರೂದಿಲ್ಲ. ನೀವ ಮುಟ್ಟಸಬೇಕು."

ಅವನು ತಿರಸ್ಕರಿಸಿದ ಎರಕಗಳ ತೂತಿಗೆ ಪುಟ್ಟಿ ತುಂಬಿ, ಕಪ್ಪು ಬಣ್ಣ ಹೊಡೆದು, ಒಳ್ಳೆಯ ಮಾಲಿನ ಜೊತೆ ಸೇರಿಸಿ ಕಳಿಸುತ್ತಿದ್ದರು. ನಾಲ್ಕು ತಿಂಗಳಿಂದ ನೋಡಿಕೊಂಡು ಸುಮ್ಮನಿದ್ದನಂತೆ. "ಬ್ರೇಕಿನ ಸಾಮಾನ್ರಿ ಅದು. ಗಾಡಿಯಾಗ ಯಾರದೋ ಮಕ್ಕಳು ಕುಂತಿರ್ತಾರ" ಅಂದ. ಅವತ್ತು ಗುನಿಲಾಬಾಯಿಗೆ ಒಂದು ಅಕ್ಷರ ಬಿಡದೆ ಮುಟ್ಟಿಸಿದೆ. ನನ್ನ ಪಾಠ ಫಲ ಕೊಟ್ಟಿತಲ್ಲ ಅಂತ ಎದೆ ಉಬ್ಬಿಸಿಕೊಂಡು ಮನೆಗೆ ಹೋದೆ.

ಮರುದಿನ ಆಕೆ ಹೊರಡುವ ಮುಂಚೆ ಸಭೆ. ಆಬಾ, ಮ್ಯಾನೇಜರುಗಳು, ಸೂಪರ್‌ವೈಸರುಗಳು, ತಪಾಸಣೆಯ ಬೆಂಚಿನವರು, ಎಲ್ಲರೂ ಇದ್ದರು. ಗುನಿಲಾಬಾಯಿ ಎದ್ದು ನಿಂತು ಕೆಟ್ಟ ಮಾಲಿನ ವಿಷಯ ತೆಗೆದಳು. ಬೈಯಲಿಲ್ಲ, ದನಿ ಏರಿಸಲಿಲ್ಲ, ಕಲಿಸಿದ್ದೆನಲ್ಲ. ಆಮೇಲೆ ಹೇಳಿದಳು: "ಇದನ್ನು ಕಂಡುಹಿಡಿದವಳು ನಾನಲ್ಲ. ನನಗೆ ಧೈರ್ಯದಿಂದ ನಿಜ ಹೇಳಿದವರು ಮಿಸ್ಟರ್ ಧೋಂಡಿರಾಮ ಖಾಡೆ. ನಿಮ್ಮೆಲ್ಲರ ಎದುರಿಗೆ ಅವರಿಗೆ ಧನ್ಯವಾದ ಹೇಳುತ್ತೇನೆ."

ಮರಾಠಿಯಲ್ಲಿ ಹೇಳಬೇಕಾದವನು ನಾನು. ಹೆಸರು ನುಂಗಿಬಿಡೋಣ ಅಂದುಕೊಂಡೆ. ಆದರೆ ಹೆಸರು ಯಾವ ಭಾಷೆಯಲ್ಲೂ ಹೆಸರೇ, ಎಲ್ಲರಿಗೂ ಆಗಲೇ ಕೇಳಿಸಿತ್ತು. ಒಬ್ಬರು ಮಾಡಿದ ಒಳ್ಳೆಯ ಕೆಲಸವನ್ನು ಅವರ ಹೆಸರು ಹೇಳದೆ ಬಳಸಿಕೊಳ್ಳುವುದು ಆಕೆಯ ಲೆಕ್ಕದಲ್ಲಿ ಕಳ್ಳತನ. ನಾಲ್ಕು ಜನರ ಎದುರಿಗೆ ಬೈಯಬೇಡಿ ಅಂತ ಕಲಿಸಿದ್ದೆ, ಹೊಗಳಬೇಡಿ ಅಂತ ಕಲಿಸಿರಲಿಲ್ಲ.

ಆಬಾ ಎಲ್ಲರಿಗಿಂತ ಮುಂಚೆ ಚಪ್ಪಾಳೆ ತಟ್ಟಿದ. ಕೇಸರಿ ಫೇಟಾ ತರಿಸಿ ತನ್ನ ಕೈಯಾರೆ ಧೋಂಡಿರಾಮನ ತಲೆಗೆ ಸುತ್ತಿದ, ಶಾಲು ಹೊದಿಸಿದ, ಕೈಗೆ ತೆಂಗಿನಕಾಯಿ ಕೊಟ್ಟ. "ಧೋಂಡಿರಾಮ ನಮ್ಮ ಮನಿ ಮನಷ್ಯಾ. ಇಂಥಾವರಿಂದನ ಈ ಫೌಂಡ್ರಿ ನಿಂತದ" ಅಂದ. ಗುನಿಲಾಬಾಯಿಯ ಕಣ್ಣು ತುಂಬಿ ಬಂತು. ಫೇಟಾದ ಕೆಳಗೆ ಧೋಂಡಿರಾಮನ ಮುಖದಲ್ಲಿ ರಕ್ತವಿರಲಿಲ್ಲ.

ಪುಟ್ಟಿಯ ತಪ್ಪನ್ನು ಯಾವನೋ ಗುತ್ತಿಗೆದಾರನ ತಲೆಗೆ ಕಟ್ಟಿದರು. ಧೋಂಡಿರಾಮನನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆದರೆ ಆಕೆ ಕೇಳುತ್ತಾಳೆ, ಆಬಾ ಅಷ್ಟು ದಡ್ಡನಲ್ಲ. ಆಫೀಸಿನ ಪಕ್ಕ ಒಂದು ಗಾಜಿನ ಕೋಣೆ ಮಾಡಿಸಿದ. ಒಳಗೆ ಎ.ಸಿ., ಚಕ್ರದ ಕುರ್ಚಿ. ಬಾಗಿಲಿಗೆ 'ಧೋಂಡಿರಾಮ ಖಾಡೆ, ಗುಣಮಟ್ಟ ಸಲಹೆಗಾರ' ಅಂತ ಹಿತ್ತಾಳೆಯ ಫಲಕ. "ಇನ್ನ ಯಾಕ ಕೈ ಕರಿ ಮಾಡ್ಕೋತಿ, ದೊಡ್ಡ ಮನಷ್ಯಾ ಆದಿ" ಅಂತ ಸುತ್ತಿಗೆ ಇಸಿದುಕೊಂಡ. ಆ ಕೋಣೆಗೆ ಒಂದು ಕಾಗದ ಬರಲಿಲ್ಲ, ಒಬ್ಬ ಮನುಷ್ಯ ಬರಲಿಲ್ಲ. ಅವನು ಡಬ್ಬಿ ಹಿಡಿದು ಕ್ಯಾಂಟೀನಿಗೆ ಹೋದರೆ ಬೆಂಚಿನಲ್ಲಿದ್ದವರು ಎದ್ದು ಬೇರೆ ಕಡೆ ಕೂರುತ್ತಿದ್ದರು. "ಏನ್ ಸಾಹೇಬ್ರ, ಇವತ್ತು ಯಾರ ಬಗ್ಗೆ ಖರೇ ಹೇಳೋದದ?" ಅಂತ ಕೇಳುತ್ತಿದ್ದವರು ಅವನ ಜೊತೆ ಇಪ್ಪತ್ತು ವರ್ಷ ಒಂದೇ ಡಬ್ಬಿಯಲ್ಲಿ ಉಂಡವರು.

ಒಂದು ಭಾನುವಾರ ಅವನು ನನ್ನ ಮನೆಗೆ ಬಂದ. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಕುಂತು ಕುಂತು ಸಾಕಾಗ್ಯದ್ರಿ" ಅಂದ. "ಬೆಂಚಿನ ಮ್ಯಾಲೆ ಈಗ ಒಬ್ಬಾವ ಹೊಸಾಬ ಇದ್ದಾನ. ಬಡೀತಾನ, ಕೇಳೂದಿಲ್ಲ. ಟೊಳ್ಳು ಮಾಲು ಹೋಗೂದು ನನಗ ಗಾಜಿನೊಳಗ ಕೇಳ್ತದ್ರಿ. ಮಾಸ್ತರ, ಗುನಿಲಾಬಾಯಿ ಬಂದಾಗ ನನ್ನ ಮಾತು ಒಂದ್ಸಲ ಮುಟ್ಟಸ್ರಿ. ಅಕಿ ಅಂದ್ರ ಆಬಾ ನನ್ನ ಮತ್ತ ಬೆಂಚಿಗೆ ಕಳಸ್ತಾರ. ನನಗ ನನ್ನ ಸುತ್ತಗಿ ಬೇಕು, ಮತ್ತೇನೂ ಬ್ಯಾಡ."

"ಮುಟ್ಟಸ್ತೀನಿ" ಅಂದೆ. ಆಗ ಸುಳ್ಳು ಹೇಳಿರಲಿಲ್ಲ.

ಹನ್ನೊಂದು ತಿಂಗಳಾದ ಮೇಲೆ ಗುನಿಲಾಬಾಯಿ ಬಂದಳು. ಗಾಜಿನ ಕೋಣೆ, ಹಿತ್ತಾಳೆಯ ಫಲಕ ನೋಡಿ ಆಕೆಯ ಮುಖ ಅರಳಿತು. ಅವನ ಜೊತೆ ಮಾತಾಡಬೇಕು ಅಂದಳು. ಆಬಾ ಬಾಗಿಲವರೆಗೆ ಬಂದು, ಫೋನು ಬಂತೆಂದು ತಿರುಗಿ ಹೋದ. ಒಳಗೆ ಉಳಿದವರು ನಾವು ಮೂರೇ ಜನ.

"ನೀವು ಸುಖವಾಗಿದ್ದೀರಾ?" ಅಂತ ಆಕೆ ಕೇಳಿದಳು. ನಾನು ಮರಾಠಿಯಲ್ಲಿ ಹೇಳಿದೆ.

ಧೋಂಡಿರಾಮ ಎದ್ದು ನಿಂತ. "ಮಾಸ್ತರ, ಹೇಳ್ರಿ ಅಕಿಗೆ. ಹನ್ನೊಂದು ತಿಂಗಳಾತು, ನನ್ನ ಕೈಗೆ ಒಂದು ತುಂಡು ಕಬ್ಬಿಣ ಬಂದಿಲ್ಲ. ಈ ಕೋಣಿ ಮಾನಕ್ಕ ಕೊಟ್ಟಿದ್ದಲ್ಲ, ಶಿಕ್ಷಾಕ್ಕ ಕೊಟ್ಟಿದ್ದು. ಪುಟ್ಟಿ ಮತ್ತ ಶುರು ಆಗ್ಯದ. ಅಕಿ ಹೇಳು ಅಂದಳು, ಹೇಳಿದೆ. ಯಾರೂ ನನ್ನ ಕೂಡ ಮಾತಾಡೂದಿಲ್ಲ. ನನ್ನ ಕೆಲಸ ನನಗ ತಿರುಗಿ ಕೊಡಸು ಅಂತ ಹೇಳ್ರಿ."

ಆಕೆ ನನ್ನ ಮುಖ ನೋಡಿದಳು. ಆ ನೋಟದಲ್ಲಿ ನನ್ನ ಮೇಲೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಆಬಾ ಅಲ್ಲಿದ್ದಿದ್ದರೆ ಪಾಪವನ್ನು ಅವನ ತಲೆಗೆ ಹಾಕಬಹುದಿತ್ತು. ಅವನಿರಲಿಲ್ಲ. ನನ್ನ ಬಾಯಿ ಕಟ್ಟಿದವರು ಯಾರೂ ಇರಲಿಲ್ಲ. ನಾನು ಹೆದರಿದ್ದು ಆಕೆಯ ಒಳ್ಳೆಯತನಕ್ಕೆ. ನಾನು ಹೇಳಿದರೆ ಆಕೆ ನೇರ ಸಭೆಗೆ ಹೋಗಿ, 'ಮಿಸ್ಟರ್ ಮಿರಜಕರ ನನಗೆ ನಿಜ ಹೇಳಿದರು' ಅಂತ ಎಲ್ಲರೆದುರಿಗೆ ಧನ್ಯವಾದ ಹೇಳುವವಳೇ. ಆ ಕೇಸರಿ ಫೇಟಾ ನನ್ನ ತಲೆಗೆ ಬರುತ್ತಿತ್ತು. ಆಮೇಲೆ ಈ ಊರಿನ ಯಾವ ಫೌಂಡ್ರಿ ನನ್ನನ್ನು ಪಾಠಕ್ಕೆ ಕರೆಯುತ್ತಿತ್ತು?

"ನಿಮಗೆ ತುಂಬಾ ಋಣಿ ಅನ್ನುತ್ತಿದ್ದಾರೆ" ಅಂತ ಇಂಗ್ಲಿಷಿನಲ್ಲಿ ಹೇಳಿದೆ. "ಇಂಥ ಗೌರವದ ಜಾಗ ಸಿಗುತ್ತದೆ ಅಂತ ಕನಸಲ್ಲೂ ಎಣಿಸಿರಲಿಲ್ಲವಂತೆ."

"ಅಷ್ಟು ಹೊತ್ತು ಮಾತಾಡಿದರಲ್ಲ, ಇಷ್ಟೇನಾ?"

"ಉಪಕಾರ ನೆನೆಯುವಾಗ ನಮ್ಮವರು ಮಾತು ಉದ್ದ ಮಾಡುತ್ತಾರೆ. ಪಾಠದಲ್ಲಿ ಹೇಳಿದ್ದೆನಲ್ಲ."

ಆಕೆ ಮನಸಾರೆ ನಕ್ಕಳು. ಅವನ ಎರಡೂ ಕೈ ಹಿಡಿದು ಕುಲುಕಿ, ಗುಡ್, ವೆರಿ ಗುಡ್ ಅಂದಳು. ಅವನಿಗೆ ಆ ಮಾತು ಗೊತ್ತಿತ್ತು. ಅವನು ಆಕೆಯನ್ನು ನೋಡಿದ, ನನ್ನನ್ನು ನೋಡಿದ.

"ಮಾಸ್ತರ, ಎಲ್ಲಾ ಹೇಳಿದ್ರೇನು?"

"ಹೇಳಿದೆ."

"ಕೆಲಸಿಲ್ಲ ಅನ್ನೋದು?"

"ಅದೂ ಹೇಳಿದೆ."

"ಪುಟ್ಟಿ?"

"ಎಲ್ಲಾ ಹೇಳೀನಿ, ಧೋಂಡಿರಾಮ."

ಅವನು ಆಕೆಯ ಕೈಯಿಂದ ತನ್ನ ಕೈಗಳನ್ನು ಮೆಲ್ಲಗೆ ಬಿಡಿಸಿಕೊಂಡು ನಮಸ್ಕಾರ ಮಾಡಿದ. ನಾಲ್ಕು ದಿನಕ್ಕೆ ರಾಜೀನಾಮೆ ಕೊಟ್ಟ. ಸ್ವಂತ ಇಚ್ಛೆಯಿಂದ ಬಿಡುತ್ತಿದ್ದೇನೆ ಅಂತ ಬರೆಸಿಕೊಂಡರಂತೆ. ಗುನಿಲಾಬಾಯಿ ಪತ್ರದಲ್ಲಿ ವಿಚಾರಿಸಿದಾಗ ಅದನ್ನೇ ಅನುವಾದಿಸಿ ಕಳಿಸಿದೆ.

ಎರಡು ತಿಂಗಳು ಇವತ್ತು ನಾಳೆ ಅಂತ ತಳ್ಳಿದೆ. ಕೊನೆಗೆ, ಏನಾದರೂ ಆಗಲಿ, ಒಪ್ಪಿಕೊಂಡು ಬಿಡುತ್ತೇನೆ ಅಂತ ಒಂದು ಮಧ್ಯಾಹ್ನ ಅವನ ಮನೆ ಹುಡುಕಿಕೊಂಡು ಹೋದೆ. ಅವನು ಈಗ ಒಂದು ಮದುವೆ ಛತ್ರದಲ್ಲಿ ಕಾವಲುಗಾರನಾಗಿದ್ದ. ಖಾಕಿ ಅಂಗಿಯಲ್ಲೇ ಊಟಕ್ಕೆ ಬಂದಿದ್ದ. ನನ್ನನ್ನು ನೋಡಿ ಎದ್ದು ಮಂಚದ ಮೇಲೆ ಚಾದರ ಹಾಸಿದ.

"ಧೋಂಡಿರಾಮ, ಅವತ್ತು ನಾ ಅಕಿಗೆ..." ಅಂತ ಶುರು ಮಾಡಿದೆ.

"ಬಿಡ್ರಿ ಮಾಸ್ತರ, ನೀವ್ಯಾಕ ಮನಸ್ಸಿಗೆ ಹಚ್ಕೋತೀರಿ? ನಾನ ಹುಚ್ಚ. ಅಕಿ ಆಬಾನಂಗ ಅಲ್ಲ, ಬ್ಯಾರೆ ಅದಾಳ ಅಂತ ತಿಳಕೊಂಡಿದ್ದೆ. ಎಲ್ಲಾ ಕೇಳಿದಳು, ಕೇಳಿ ನಕ್ಕಳು. ಲೋಕ ಎಲ್ಲಾ ಕಡೆ ಒಂದ ಥರ ಅದ ಅಂತ ತಿಳೀತು." ಆಮೇಲೆ ಒಳಗಿದ್ದ ಹೆಂಡತಿಯನ್ನು ಕರೆದ. "ಏ, ಬಾ ಇಲ್ಲೆ. ನಾ ಹೇಳ್ತಿದ್ದೆನಲ್ಲ, ಆ ಮಾಸ್ತರ ಇವರ. ಅಷ್ಟು ಮಂದಿಯೊಳಗ ನನ್ನ ಮಾತು ಇದ್ದದ್ದು ಇದ್ದಂಗ ಮುಟ್ಟಿಸಿದಾವ್ರು ಇವರೊಬ್ಬರ."

ಆಕೆ ಸೆರಗು ತಲೆಯ ಮೇಲೆಳೆದುಕೊಂಡು ಬಂದು ಬಗ್ಗಿ ನನ್ನ ಕಾಲು ಮುಟ್ಟಿದಳು. ನಾನು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಆಕೆ ತಂದುಕೊಟ್ಟ ಚಹಾ ಕುಡಿದೆ, ಚಲೋ ಆಗ್ಯದ ಅಂದೆ, ಎದ್ದು ಬಂದೆ.