ಎಡಗಡೆಯ ಬ್ರೇಕು

ಗೋದಾಬಾಯಿಗೆ ಗಂಡ ಮಧ್ವರಾಜರ ಮೇಲೆ ಇದ್ದ ದೂರು ಒಂದೇ. ಕಾರು ಹತ್ತಿದರೆ ಮನುಷ್ಯ ನಡುವೆ ಎಲ್ಲೂ ನಿಲ್ಲಿಸುತ್ತಿರಲಿಲ್ಲ. ಅಡ್ಯಾರಿನ ಮನೆಯಿಂದ ಹೊರಟರೆ ಸೇರುವ ಜಾಗ ಸೇರಿಯೇ ಉಸಿರು ಬಿಡಬೇಕು. ಲಸ್ ಕಾರ್ನರಿನಲ್ಲಿ ಕನಕಾಂಬರದ ರಾಶಿ ಕಂಡರೂ, ಮೈಲಾಪುರದಲ್ಲಿ ಅವಳ ಅಕ್ಕ ಭೀಮಾಬಾಯಿ ಬಾಗಿಲಲ್ಲೇ ನಿಂತು ಕೈಬೀಸಿದರೂ, "ವಾಪಸ್ ಬರುವಾಗ ನೋಡೋಣ" ಎನ್ನುತ್ತಿದ್ದರು. ವಾಪಸ್ ಬರುವಾಗ ಬೇರೆ ರಸ್ತೆ ಹಿಡಿಯುತ್ತಿದ್ದರು.

ಕಾರು ಪಾಂಡಿಚೇರಿಯದು. ಫ್ರೆಂಚರು ಅಲ್ಲಿಂದ ಗಂಟುಮೂಟೆ ಕಟ್ಟಿದಾಗ ಒಬ್ಬ ಡಾಕ್ಟರನಿಂದ ಕೊಂಡದ್ದು. ಸ್ಟಿಯರಿಂಗ್ ಎಡಗಡೆ ಇತ್ತು. ಮದ್ರಾಸಿನ ಒಂದು ವರ್ಕ್‌ಶಾಪಿನವರು ಅದನ್ನು ಕಿತ್ತು ಬಲಗಡೆಗೆ ಕೂರಿಸಿಕೊಟ್ಟಿದ್ದರು. ಇನ್ಶೂರೆನ್ಸ್ ಆಫೀಸಿನಲ್ಲಿ ಮಧ್ವರಾಜರು ಈ ಕಾರಿನ ಮಾತೆತ್ತದ ದಿನವಿರಲಿಲ್ಲ. ಅವರು ಬಲಕ್ಕೆ ಕೂತು ಓಡಿಸುವುದು, ಗೋದಾಬಾಯಿ ಎಡಕ್ಕೆ ಕೂತು ದಾಟಿಹೋದ ಅಂಗಡಿಗಳನ್ನು ಕತ್ತು ತಿರುಗಿಸಿ ನೋಡುವುದು, ಇದೇ ನಡೆದುಬಂದಿತ್ತು.

ಒಂದು ಭಾನುವಾರ ಅವಳ ಚಪ್ಪಲಿ ಕಾಲ ಕೆಳಗಿನ ರಬ್ಬರ್ ಹಾಸಿನಲ್ಲಿ ಏನಕ್ಕೋ ತಗುಲಿತು. ಸುಮ್ಮನೆ ಒತ್ತಿದಳು. ಕಾರು ಮುಗ್ಗರಿಸಿದ ಹಾಗೆ ನಿಧಾನವಾಯಿತು. ಮಧ್ವರಾಜರು ಹುಬ್ಬು ಗಂಟಿಕ್ಕಿದರು. ಅವಳು ಕಾಲು ತೆಗೆದಳು. ಕಾರು ಮತ್ತೆ ಓಡಿತು.

ಮಧ್ಯಾಹ್ನ ಗಂಡ ಉಂಡು ಮಲಗಿದ ಮೇಲೆ ಹಾಸು ಎತ್ತಿ ನೋಡಿದಳು. ಎಡಗಡೆಯ ಹಳೆಯ ಬ್ರೇಕಿನ ತುಳಿಯುವ ತಟ್ಟೆಯನ್ನಷ್ಟೇ ವರ್ಕ್‌ಶಾಪಿನವರು ಕತ್ತರಿಸಿದ್ದರು, ಅದರ ಮೋಟು ಕಂಬಿ ಹಾಗೇ ಇತ್ತು. ಬಲಗಡೆಯ ಹೊಸ ಬ್ರೇಕಿನಿಂದ ಉದ್ದದ ಒಂದು ಸಲಾಕೆ ಕಾರಿನಡಿಯಲ್ಲಿ ಅಡ್ಡ ಬಂದು ಅದಕ್ಕೇ ಸೇರಿತ್ತು. ಬಲದಿಂದ ತುಳಿದರೂ ಬ್ರೇಕು, ಎಡದಿಂದ ತುಳಿದರೂ ಬ್ರೇಕು. ಗೋದಾಬಾಯಿ ಹಾಸನ್ನು ಮೊದಲಿನಂತೆ ಮುಚ್ಚಿ, ಒಳಗೆ ಹೋಗಿ, ಬಹಳ ಚೆನ್ನಾಗಿ ಕಾಫಿ ಮಾಡಿದಳು.

ಮುಂದಿನ ಭಾನುವಾರ ಲಸ್ ಕಾರ್ನರಿನಲ್ಲಿ ಕಾರು ಗಕ್ಕನೆ ನಿಂತು ಎಂಜಿನ್ ಆರಿತು. ಮಧ್ವರಾಜರು ಇಳಿದು ಬಾನೆಟ್ ಎತ್ತುವಷ್ಟರಲ್ಲಿ ಗೋದಾಬಾಯಿ ಎರಡು ಮೊಳ ಕನಕಾಂಬರ ಕೊಂಡು ಮುಡಿದೂ ಆಗಿತ್ತು.

"ಏನಾಗಿದೇರಿ?" ಎಂದಳು.

"ಬ್ರೇಕ್ ಹಿಡ್ಕೋತಾ ಇದೆ. ನಿಂಗೆ ಅರ್ಥ ಆಗಲ್ಲ, ಚುಮ್ಮಾ ಇರು."

ಅವಳು ಚುಮ್ಮಾ ಇದ್ದಳು. ಅದರಾಚೆ ವಾರ ಕಾರು ಪಾಂಡಿ ಬಜಾರಿನ ಸೀರೆ ಅಂಗಡಿಯ ಎದುರು ನಿಂತಿತು.

ಪುದುಪೇಟೆಯಲ್ಲಿ ಐತ ಎಂಬ ಉಡುಪಿ ಕಡೆಯ ಮೆಕ್ಯಾನಿಕ್ ಇದ್ದ. ಕನ್ನಡ ಮಾತಾಡುವವನೆಂದು ಮಧ್ವರಾಜರು ಕಾರನ್ನು ಅವನಿಗೇ ಒಪ್ಪಿಸುತ್ತಿದ್ದರು. ಅವನು ನಾಲ್ಕೂ ಚಕ್ರ ಬಿಚ್ಚಿ ಬ್ರೇಕ್ ಶೂ ಬದಲಾಯಿಸಿದ, ಸ್ಪ್ರಿಂಗ್ ಹೊಸದು ಹಾಕಿದ. ಮಧ್ವರಾಜರನ್ನು ಕೂರಿಸಿಕೊಂಡು ಮೌಂಟ್ ರೋಡಿನಲ್ಲಿ ಓಡಿಸಿ ತೋರಿಸಿದ. ಬೆಣ್ಣೆಯ ಹಾಗೆ ಓಡಿತು. ಆ ಭಾನುವಾರವೇ ಅದು ಭೀಮಾಬಾಯಿಯ ಬಾಗಿಲಲ್ಲಿ ನಿಂತಿತು. ಹೇಗೂ ಬಂದಿದ್ದೀರಿ ಎಂದು ಅಕ್ಕ ಎಲೆ ಹಾಕಿ, ಹುಳಿಯನ್ನ ಬಡಿಸಿಯೇ ಕಳಿಸಿದಳು.

ಮಧ್ವರಾಜರು ಹಠಕ್ಕೆ ಬಿದ್ದರು. ಪಾಂಡಿಚೇರಿಗೆ ಬರೆದು ಬ್ರೇಕಿನ ಮಾಸ್ಟರ್ ಸಿಲಿಂಡರನ್ನೇ ಹೊಸದು ತರಿಸಿದರು. ಅದನ್ನು ಹಾಕಲು ಐತ ಮನೆಗೇ ಬಂದ. ಕಾರಿನಡಿಯಿಂದ ಹೊರಬಂದವನು ಕೈ ಒರೆಸಿಕೊಳ್ಳುತ್ತ ಕೇಳಿದ:

"ಅಲ್ಲ ಮಾರಾಯ್ರೆ, ಇದು ಎಲ್ಲೆಲ್ಲಿ ನಿಂತದ್ದು?"

"ಲಸ್ ಕಾರ್ನರು. ಹೂವಿನವಳ ಹತ್ರ."

"ಮತ್ತೆ?"

"ಪಾಂಡಿ ಬಜಾರು, ಸೀರೆ ಅಂಗಡಿ. ಆಮೇಲೆ ನಮ್ಮ ಅತ್ತಿಗೆ ಮನೆ."

"ಶ್ಮಶಾನದ ಎದುರು, ಪೊಲೀಸ್ ಸ್ಟೇಷನ್ ಎದುರು ನಿಲ್ಲಲಿಲ್ವಾ?"

"ಇಲ್ಲಪ್ಪ."

"ಕಾರಿಗೆ ಒಳ್ಳೆ ರುಚಿ ಉಂಟು" ಎಂದು ಐತ ಗೋದಾಬಾಯಿಯ ಕಡೆ ನೋಡಿದ. ಅವಳು ಕಾಂಪೌಂಡಿನ ಮೇಲೆ ಕೂತಿದ್ದ ಕಾಗೆಯನ್ನು ನೋಡುತ್ತಿದ್ದಳು. ಅದಕ್ಕಿಂತ ಚೆಂದದ ಕಾಗೆ ಊರಲ್ಲೇ ಇಲ್ಲವೇನೋ ಎಂಬ ಹಾಗೆ.

ಮಧ್ವರಾಜರು ಟವೆಲು ತರಲು ಒಳಗೆ ಹೋದಾಗ ಅವನು ದನಿ ತಗ್ಗಿಸಿದ. "ಅಮ್ಮ, ನಾನೆಂಥದೂ ನೋಡ್ಲಿಲ್ಲ. ಆದ್ರೆ ಹಿಂದೆ ಬಸ್ಸು ಬರ್ತಾ ಇದ್ರೆ ಎಂಥ ಗತಿ?"

ಇಷ್ಟು ದಿನ ಗೋದಾಬಾಯಿ ಮುಂದಿನ ಅಂಗಡಿಗಳನ್ನು ನೋಡಿದ್ದಳೇ ಹೊರತು ಹಿಂದಿನ ಬಸ್ಸುಗಳನ್ನಲ್ಲ. ಇನ್ನು ಅದರ ಮೇಲೆ ಕಾಲಿಡುವುದಿಲ್ಲ ಎಂದುಕೊಂಡಳು.

ಕೆಲವು ವಾರ ಕಾರು ಎಲ್ಲೂ ನಿಲ್ಲಲಿಲ್ಲ. ಗೆದ್ದ ಹುರುಪಿನಲ್ಲಿ ಮಧ್ವರಾಜರು ಇನ್ನೂ ಜೋರಾಗಿ ಓಡಿಸತೊಡಗಿದರು. ಮದುವೆಯೊಂದಕ್ಕೆ ಪಾತ್ರೆ ಕೊಳ್ಳಲು ಪ್ಯಾರೀಸ್ ಕಾರ್ನರಿಗೆ ಹೋದ ದಿನವೂ ಹಾಗೇ. ಹೈಕೋರ್ಟು ದಾಟಿದ್ದೇ ಮೆಣಸಿನಕಾಯಿ ಮೂಟೆ ಹೊತ್ತ ಕೈಗಾಡಿಯೊಂದು ಅಡ್ಡ ಬಂತು. ಮಧ್ವರಾಜರು ಬ್ರೇಕ್ ತುಳಿದರು. ಕೆಳಗೆಲ್ಲೋ ಟಣ್ ಎಂದಿತು, ಬ್ರೇಕು ಸತ್ವವಿಲ್ಲದೆ ನೆಲಕ್ಕಂಟಿತು.

"ಗೋವಿಂದಾ!" ಎಂದು ಕೂಗಿಕೊಂಡರು.

ಗೋದಾಬಾಯಿ ಎರಡೂ ಕಾಲು ಎತ್ತಿ ಮೋಟು ಕಂಬಿಯ ಮೇಲೆ ಹೇರಿದಳು. ಟೈರು ಕಿರುಚಿತು. ಮೂಟೆಗೂ ಕಾರಿನ ಮೂತಿಗೂ ಒಂದು ಗೇಣು ಉಳಿದಿತ್ತು. ಗಾಡಿಯವನು ಕೈ ನೀಡಿ, "ಯೋವ್! ಕಣ್ಣು ತೆರಿಯಾದಾ?" ಎಂದು ತಮಿಳಿನಲ್ಲಿ ಅವರ ಕುರುಡುಗಣ್ಣಿನಿಂದ ಶುರುಮಾಡಿ ಅವರ ಅಜ್ಜನವರೆಗೂ ಬಯ್ಯುತ್ತ ಹೋದ.

ಮಧ್ವರಾಜರಿಗೆ ಅದು ಕೇಳಿಸಲಿಲ್ಲ. ಅವರು ಹೆಂಡತಿಯ ಕಾಲನ್ನೇ ನೋಡುತ್ತಿದ್ದರು. ಮೆಲ್ಲಗೆ ಹ್ಯಾಂಡ್‌ಬ್ರೇಕ್ ಎಳೆದರು.

"ಲಸ್ ಕಾರ್ನರು?"

"ಹೂಂ."

"ಸೀರೆ ಅಂಗಡಿ?"

"ಹೂಂ."

"ನಮ್ಮ ಮ್ಯಾನೇಜರ್ ಮನೆ ಗೇಟಿನ ಎದುರು?"

"ಅದು ದೇವರಾಣೆ ನಾನಲ್ರೀ. ಅವತ್ತು ಪೆಟ್ರೋಲ್ ಮುಗಿದಿತ್ತು."

ಅವರಿಗೆ ಸಿಟ್ಟು ಬಂದಿತ್ತು. ಆದರೆ ಬಚಾವಾದ ನಿರಾಳವೂ ಇತ್ತು. ಎರಡೂ ಸೇರಿ ಕೊನೆಗೆ ನಗುವಾಗಿ ಹೊರಬಂತು. ಗೋದಾಬಾಯಿಯೂ ಕಣ್ಣೊರೆಸಿಕೊಳ್ಳುತ್ತ ನಕ್ಕಳು.

ಪುದುಪೇಟೆಯವರೆಗೆ ಕಾರನ್ನು ಇಬ್ಬರೂ ಸೇರಿಯೇ ಓಡಿಸಬೇಕಾಯಿತು. ಅವರು ಸ್ಟಿಯರಿಂಗ್ ಹಿಡಿದು ನಡೆಯುವಷ್ಟು ಮೆಲ್ಲಗೆ ಬಿಡುವುದು, "ಒತ್ತು ಗೋದಾ, ಒತ್ತು" ಎನ್ನುವುದು, ಅವಳು ಒತ್ತುವುದು. ಮೌಂಟ್ ರೋಡಿನ ಹೋಟೆಲೊಂದರ ಮುಂದೆ ಅವರು ಹೇಳದೆಯೇ ಒತ್ತಿದಳು.

"ಇಲ್ಲೇನು?"

"ಕಾಫಿ. ಅರ್ಧ ಕಾರು ನಾನೂ ಓಡಿಸ್ತಿದೀನಲ್ಲ."

ಕುಡಿದು ಹೊರಟರು.

ಐತ ಕಾರಿನಡಿ ತೂರಿ, ಸಲಾಕೆಯನ್ನು ಕೂಡಿಸುತ್ತಿದ್ದ ಪಿನ್ನಿನ ತುಂಡು ಹಿಡಿದು ಬಂದ. "ಉಳಿದದ್ದೆಲ್ಲ ಬದಲಾಯಿಸಿದೆವು ಮಾರಾಯ್ರೆ. ಇದು ಇಲ್ಲಿಯವರು ಕೂರಿಸಿದ್ದು, ನನ್ನ ಕಣ್ಣಿಗೂ ಬೀಳಲಿಲ್ಲ." ಗಟ್ಟಿ ಉಕ್ಕಿನ ಪಿನ್ನು ಹಾಕಿ, ಎಡಗಡೆಯ ಮೋಟನ್ನು ತೋರಿಸಿ ಕೇಳಿದ: "ಇದನ್ನು ಕತ್ತರಿಸುದಾ?"

ಮಧ್ವರಾಜರು ಕಂಬಿಯನ್ನೂ ಹೆಂಡತಿಯನ್ನೂ ನೋಡಿದರು. "ಬೇಡ. ಅದರ ಮೇಲೊಂದು ತಟ್ಟೆ ಬೆಸುಗೆ ಹಾಕು. ಚಪ್ಪಲಿ ಜಾರಬಾರದು."

ಆಮೇಲೆ ಭಾನುವಾರಗಳಲ್ಲಿ ಅವರು ಎಂಜಿನ್ ಹಚ್ಚುವ ಮುಂಚೆಯೇ ಕೇಳುತ್ತಿದ್ದರು: "ಎಲ್ಲೆಲ್ಲಿ ನಿಲ್ಲಿಸಬೇಕು, ಈಗಲೇ ಹೇಳಿಬಿಡು."

ಗೋದಾಬಾಯಿ ಒಂದೆರಡು ಜಾಗ ಹೇಳುತ್ತಿದ್ದಳು. ಎಲ್ಲವನ್ನೂ ಹೇಳುತ್ತಿರಲಿಲ್ಲ.