ತಟ್ಟೆಯಲ್ಲಿ ಬೆಳೆದ ಬೋರ್ಡು

ಶಿವಾಜಿನಗರದಲ್ಲಿ ಮದುವೆ ಮನೆಗಳಿಗೆ ದೀಪಾಲಂಕಾರ ಮಾಡುವ ರಹೀಂ ಮಾಮುವಿಗೆ ಒಂದು ಹಟವಿತ್ತು. ಅವರ ಅಂಗಡಿಯಿಂದ ಹೊರಟ ದೀಪ ಎಲ್ಲೇ ಉರಿಯಲಿ, ಅದರಲ್ಲಿ ಅವರ ಹೆಸರೂ ಫೋನ್ ನಂಬರೂ ಒಮ್ಮೆ ಹಾದು ಹೋಗಲೇಬೇಕು. ಮೊದಲು ನವಿಲು ಗರಿ ಬಿಚ್ಚುತ್ತದೆ, ಆಮೇಲೆ ಆನೆ ಸೊಂಡಿಲೆತ್ತುತ್ತದೆ, ಆಮೇಲೆ 'ರಹೀಂ ಲೈಟಿಂಗ್ಸ್'. ಮದುಮಕ್ಕಳ ಹೆಸರಿನಲ್ಲಿ ಅಕ್ಷರ ತಪ್ಪಿದ್ದುಂಟು, ನಂಬರು ಮಾತ್ರ ಒಂದು ದಿನವೂ ತಪ್ಪಿದ್ದಿಲ್ಲ.

ಇಂಥವರ ಹತ್ತಿರ ಅಕ್ಕನ ಮಗಳು ಜಹನಾರಾ ಬಂದು ಕೇಳಿದ್ದು ಅಂಗೈಯಗಲದ ಬೋರ್ಡಿನ ನಡುವೆ ಒಂದು ದುಂಡನೆಯ ನೀಲಿ ಬೆಳಕು.

"ಬರೀ ದುಂಡಗಾ?" ಮಾಮುವಿನ ಮುಖ ಸಣ್ಣದಾಯಿತು. "ನಕ್ಕೋ ಬೇಟಾ, ಅದು ಬೇಡ. ಒಂದು ನವಿಲಾದ್ರೂ ಇರ್ಲಿ. ನೋಡ್ದೋರು ಏನಂತಾರೆ?"

"ಯಾರೂ ನೋಡಲ್ಲ ಮಾಮು. ಡಬ್ಬಿ ಒಳಗಿರುತ್ತೆ. ಜೀವಕೋಶಗಳು ನೋಡ್ತವೆ ಅಷ್ಟೇ."

ಜಹನಾರಾ ಕೆ.ಆರ್. ಪುರದ ಪ್ರಯೋಗಾಲಯವೊಂದರಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಗಾಜಿನ ತಟ್ಟೆಯಲ್ಲಿ ಅವಳು ಸಾಕಿಕೊಂಡಿದ್ದು ಮುಂದೆ ಏನಾಗಬೇಕೆಂದು ಇನ್ನೂ ತೀರ್ಮಾನಿಸದ ಎಳೆಯ ಕೋಶಗಳನ್ನು. ಅವು ಚರ್ಮವಾದರೂ ಆಗಬಹುದು, ಹೃದಯದ ಸ್ನಾಯುವಾದರೂ ಆಗಬಹುದು. ಅವುಗಳೊಳಗೆ ಅವಳು ಬೆಳಕಿಗೆ ಎಚ್ಚರಗೊಳ್ಳುವ ಒಂದು ಸ್ವಿಚ್ಚು ಕೂರಿಸಿದ್ದಳು. ನೀಲಿ ಬೆಳಕು ಬಿದ್ದಲ್ಲಿ ಹೃದಯದ ಸ್ನಾಯು, ಬೀಳದ ಕಡೆ ಚರ್ಮ. ಹೃದಯದ್ದಾದರೆ ತಟ್ಟೆಯಲ್ಲೇ ಲಬ್ ಡಬ್ ಎಂದು ಮಿಡಿಯತೊಡಗುತ್ತದೆ. ಇಷ್ಟು ಸಾಧಿಸಲು ಮೂರು ವರ್ಷ ಹಿಡಿದಿತ್ತು. ಅಷ್ಟರಲ್ಲಿ ಅವಳ ಓರಗೆಯವರೆಲ್ಲ ಮದುವೆಯಾಗಿ, ಮಾಮುವಿನ ನವಿಲಿನ ಕೆಳಗೆ ನಿಂತು ಫೋಟೊ ತೆಗೆಸಿಕೊಂಡಾಗಿತ್ತು.

ತೊಡಕೆಂದರೆ ಪರೀಕ್ಷಕರಾದ ಸಂಜೀವಪ್ಪನವರು. ಜೀವನ್ ಬಿಮಾ ನಗರದಿಂದ ಬರುತ್ತಿದ್ದ ಈ ಹಿರಿಯರು ಬೆಳಗಿನ ಕಾಫಿಯನ್ನೂ ಪುರಾವೆಯಿಲ್ಲದೆ ಕಾಫಿಯೆಂದು ಒಪ್ಪುವವರಲ್ಲ. ಹೋದ ಸಲ ತಟ್ಟೆಯ ನಡುವೆ ಮಿಡಿಯುತ್ತಿದ್ದ ದುಂಡನ್ನು ನೋಡಿ ತಲೆ ಅಡ್ಡಡ್ಡ ಆಡಿಸಿದ್ದರು.

"ಕೋಶಗಳು ತಾವಾಗೇ ಮಧ್ಯದಲ್ಲಿ ಗುಂಪು ಕಟ್ಕೊಳ್ತವಮ್ಮ. ಬೆಳಕೇ ಮಾಡಿದ್ದು ಅನ್ನೋಕೆ ಏನ್ ಪ್ರೂಫು? ಇನ್ನೊಂದ್ಸಲ ಮಾಡು, ಡಬ್ಬಿಗೆ ನಾನೇ ಸೀಲ್ ಹಾಕ್ತೀನಿ. ಈ ಸಲಾನೂ ಪ್ರೂಫ್ ಸಿಗ್ಲಿಲ್ಲಾಂದ್ರೆ ಬೇರೆ ಟಾಪಿಕ್ ನೋಡ್ಕೋ."

ಬೇರೆ ಟಾಪಿಕ್ ಎಂದರೆ ಮೂರು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಸಾಲದ್ದಕ್ಕೆ ಪ್ರಯೋಗಾಲಯದ ಬೆಳಕಿನ ಯಂತ್ರವೂ ಅದೇ ವಾರ ಕೆಟ್ಟು ಕೂತಿತು. ಅದಕ್ಕೇ ಅವಳು ಮಾಮುವಿನ ಅಂಗಡಿಗೆ ಓಡಿ ಬಂದದ್ದು.

"ನವಿಲು ಬೇಡ, ಆನೆ ಬೇಡ, ಹಂಸ ಬೇಡ. ಪ್ರಾಮಿಸ್ ಮಾಡಿ ಮಾಮು."

"ಅಲ್ಲಾ ಕಸಂ, ಒಂದು ಪ್ರಾಣೀನೂ ಹಾಕಲ್ಲ," ಎಂದರು ಮಾಮು, ಊಟ ಬಿಟ್ಟವರ ದನಿಯಲ್ಲಿ.

ಮರುದಿನ ಪುಟ್ಟ ಎಲ್ಇಡಿ ಬೋರ್ಡು ಕೈಗೆ ಬಂತು. ಜಹನಾರಾ ಹೊತ್ತಿಸಿ ನೋಡಿದಳು. ನಡುವೆ ಚೊಕ್ಕವಾದ ನೀಲಿ ದುಂಡು, ಮತ್ತೇನಿಲ್ಲ. ಮಾಮು ಕೊನೆಗೂ ಮಾತು ಕೇಳಿದರಲ್ಲ ಎಂದು ಹಿಗ್ಗಿ, ಅದನ್ನು ಡಬ್ಬಿಯ ಮುಚ್ಚಳಕ್ಕೆ ಜೋಡಿಸಿದಳು. ಸಂಜೀವಪ್ಪನವರು ಸುತ್ತಲೂ ಟೇಪು ಸುತ್ತಿ, ಅದರ ಮೇಲೆ ಸಹಿ ಹಾಕಿ ಹೋದರು. ಕೋಶಗಳ ಆಹಾರ ನಳಿಕೆಯಲ್ಲಿ ಹೋಗುತ್ತಿದ್ದುದರಿಂದ ಡಬ್ಬಿ ತೆರೆಯುವ ಪ್ರಮೇಯವೇ ಬರಲಿಲ್ಲ.

ಎರಡು ವಾರ ಕಳೆದು ಸಂಜೀವಪ್ಪನವರೇ ಟೇಪು ಬಿಚ್ಚಿದರು. ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಗೋಡೆಯ ಪರದೆಯ ಮೇಲೂ ಮೂಡುತ್ತಿತ್ತು. ನಡುವೆ ದುಂಡು, ಲಬ್ ಡಬ್. ಜಹನಾರಾ ಉಸಿರು ಬಿಟ್ಟಳು.

"ಮತ್ತೆ ಅದೇ ದುಂಡು," ಎಂದು ಗೊಣಗುತ್ತ ಅವರು ತಟ್ಟೆಯನ್ನು ತುಸು ಸರಿಸಿದರು. "ಅರೆ, ಕೆಳಗೆ ಇದೇನಮ್ಮಾ?"

ಕೆಳಗೆ ಒಂದು 'ರ' ಮಿಡಿಯುತ್ತಿತ್ತು. ಅದರ ಪಕ್ಕದಲ್ಲಿ 'ಹೀಂ'. ಇನ್ನೂ ಸರಿಸಿದರೆ 'ಲೈಟಿಂಗ್ಸ್', ಒತ್ತಕ್ಷರ ಸಮೇತ. ಅದರ ಕೆಳಗೆ ಫೋನ್ ನಂಬರು. ಅಷ್ಟೂ ಅಸಲಿ ಹೃದಯದ ಸ್ನಾಯು, ಅಷ್ಟೂ ಒಟ್ಟಿಗೆ ಲಬ್ ಡಬ್ ಅನ್ನುತ್ತಿತ್ತು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಜಹನಾರಾಗೆ. ಮಾಮು ಕೊಟ್ಟ ಮಾತನ್ನು ಉಳಿಸಿಕೊಂಡಿದ್ದರು. ಒಂದೇ ಒಂದು ಪ್ರಾಣಿಯೂ ಇರಲಿಲ್ಲ.

ಸಂಜೀವಪ್ಪನವರು ಮೊಬೈಲು ತೆಗೆದರು. ಪರದೆಯ ಮೇಲಿನ ಅಂಕಿಗಳನ್ನು ಒಂದೊಂದಾಗಿ ಓದಿಕೊಂಡು ಒತ್ತಿ, ಸ್ಪೀಕರ್ ಹಾಕಿದರು.

"ರಹೀಂ ಲೈಟಿಂಗ್ಸ್! ಯಾವ ಏರಿಯಾ, ಯಾವ ಡೇಟು, ಹೇಳಿ ಸಾರ್!"

"ನಾನು ಜಹನಾರಾ ಲ್ಯಾಬಿಂದ ಮಾತಾಡ್ತಿರೋದು. ಬೋರ್ಡಲ್ಲಿ ಹೆಸರು ಹಾಕಿ ಅಂತ ಅವಳು ಹೇಳಿದ್ಲಾ?"

ಆ ಕಡೆ ಮಾಮುವಿನ ದನಿ ತಗ್ಗಿತು.

"ಇಲ್ಲ ಸಾರ್. ಅವ್ಳಿಗೆ ಗೊತ್ತೇ ಇಲ್ಲ. ಐದು ನಿಮಿಷ ದುಂಡಗೆ, ಆಮೇಲೆ ಐದು ನಿಮಿಷ ಹೆಸ್ರು, ಹಂಗೆ ನಾನೇ ಸೆಟ್ ಮಾಡಿದ್ದು. ಬೋರ್ಡಲ್ಲಿ ಕನ್ನಡ ಇರ್ಬೇಕು ಅಂತ ರೂಲ್ಸಲ್ವಾ ಸಾರ್, ಕನ್ನಡದಲ್ಲೇ ಹಾಕಿದೀನಿ. ಬಯ್ಯೋದಾದ್ರೆ ನನ್ನ ಬಯ್ಯಿ, ಹುಡ್ಗೀನ ಬಿಟ್ಬಿಡಿ. ಈ ಕೆಲ್ಸ ಹಿಡಿದಾಗಿಂದ ನೆಟ್ಟಗೆ ಊಟಾನೂ ಮಾಡಿಲ್ಲ ಸಾರ್ ಅವ್ಳು."

ಅಂಗಡಿಗೆ ಹೋಗಿ ಜಗಳ ತೆಗೆಯಬೇಕೆಂದು ಕುದಿಯುತ್ತಿದ್ದ ಜಹನಾರಾಳ ಕಣ್ಣು ತುಂಬಿ ಬಂತು.

"ಬಯ್ಯೋದ್ಯಾಕ್ರೀ?" ಎಂದರು ಸಂಜೀವಪ್ಪನವರು. ಅವರ ಮುಖದಲ್ಲಿ ಈವರೆಗೆ ಯಾರೂ ಕಂಡಿರದ ಒಂದು ನಗು ಮೂಡಿತ್ತು. "ದುಂಡು ತಾನಾಗೇ ಆಗ್ಬಹುದು. ಫೋನ್ ನಂಬರ್ ತಾನಾಗೇ ಆಗುತ್ತಾ? ಹೆಸರಿರೋದು ಸೀಲ್ ಹಾಕಿದ ನನಗೂ ಗೊತ್ತಿರ್ಲಿಲ್ಲ, ಈ ಹುಡುಗೀಗೂ ಗೊತ್ತಿರ್ಲಿಲ್ಲ. ಗೊತ್ತಿದ್ದಿದ್ದು ಬೆಳಕಿಗೆ ಮಾತ್ರ. ಇದಕ್ಕಿಂತ ಪ್ರೂಫ್ ಬೇಕಾ?"

ಅಲ್ಲೇ ಒಪ್ಪಿಗೆಯ ಸಹಿ ಬಿತ್ತು. "ಥೀಸಿಸ್ಸಲ್ಲಿ ನಿಮ್ಮ ಮಾಮೂಗೊಂದು ಥ್ಯಾಂಕ್ಸ್ ಹಾಕಮ್ಮ," ಎಂದು ಹೇಳಿ ಅವರು ಎದ್ದರು.

ಫೋನಿನಲ್ಲಿ ಮಾಮು ಇನ್ನೂ ಇದ್ದರು. "ಬೇಟಾ, ಪುಸ್ತಕದಲ್ಲಿ ನನ್ನ ಹೆಸ್ರು ಹಾಕ್ತಾರಾ?"

"ಹಾಕ್ತೀನಿ ಮಾಮು."

"ನಂಬರ್ ಸಮೇತ ಹಾಕು. ಮದ್ವೆ ಸೀಸನ್ ಇದು."

ಜಹನಾರಾ ಕೃತಜ್ಞತೆಯ ಪುಟದಲ್ಲಿ ನಂಬರನ್ನೂ ಹಾಕಿದಳು. ಅದರ ಪಕ್ಕದಲ್ಲಿ, ಯಾರೂ ಕೇಳದಿದ್ದರೂ, ಗರಿ ಬಿಚ್ಚಿದ ಒಂದು ನವಿಲನ್ನು ಬಿಡಿಸಿದಳು.